ಉಗುರು ಬೆಳೆಯುವ ಹೊತ್ತಿಗೆ

ನನ್ನ ಎಡಗೈ ನೋಡಿದವರು ನನ್ನನ್ನು ಅಚ್ಚುಕಟ್ಟಿನ ಮುದುಕಿ ಅಂದುಕೊಳ್ಳುತ್ತಾರೆ. ಬಲಗೈ ನೋಡಿದವರು ಸೋಮಾರಿ ಅಂದುಕೊಳ್ಳುತ್ತಾರೆ. ಎಡಗೈಯ ಉಗುರುಗಳು ಯಾವಾಗಲೂ ಬುಡದವರೆಗೆ ಕತ್ತರಿಸಿರುತ್ತವೆ. ಬಲಗೈಯವು ಕಿರುಬೆರಳೊಂದನ್ನು ಬಿಟ್ಟು ಮಿಕ್ಕಂತೆ ಬೆಳೆದಿರುತ್ತವೆ. ಮೊನ್ನೆ ಪಕ್ಕದ ಮನೆಯ ಸೊಸೆ ಭಾಗ್ಯ ಸಾರಿಗೆ ಹುಣಸೆಹಣ್ಣು ಕೇಳಲು ಬಂದವಳು ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದೇನಜ್ಜಿ, ಒಂದು ಕೈದು ಕತ್ತರಿಸ್ಬುಟ್ಟು ಇನ್ನೊಂದ ಮರ್ತ್‌ಬುಟ್ಟಿದ್ದೀರ! ಇರಿ, ನಾ ಕತ್ತರಿಸ್ಕೊಡ್ತೀನಿ" ಎಂದು ತನ್ನ ಮನೆಗೆ ಓಡಿ ನೇಲ್‌ಕಟರು ತಂದೇಬಿಟ್ಟಳು. ನಾನು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಅವಳು ನಕ್ಕಳು. ಅಜ್ಜಿಗೆ ಅರುಳುಮರುಳು ಶುರುವಾಯಿತು ಅಂದುಕೊಂಡಿರಬೇಕು. ಹುಣಸೆಹಣ್ಣು ತೆಗೆದುಕೊಂಡು ಹೋದಳು, ನೇಲ್‌ಕಟರನ್ನು ಇಲ್ಲೇ ಮರೆತಳು.

ಅದು ಈಗ ಕಿಟಕಿಯ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದೆ. ನನಗೆ ಅಪ್ಪನ ಕತ್ತರಿ ನೆನಪಾಗುತ್ತಿದೆ.

ನೀವು ಕೊಳ್ಳೇಗಾಲದ ನೇಕಾರರ ಬೀದಿಗಳಲ್ಲಿ ಯಾವಾಗಲಾದರೂ ಓಡಾಡಿದ್ದರೆ ನಮ್ಮ ಮನೆ ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ತುಂಬ ಮಗ್ಗ, ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಅಪ್ಪ. ಉಳಿದವರು ಗೋಡೆ ಸವರಿಕೊಂಡು ಓಡಾಡಬೇಕು. ಬೆಳಗಾದರೆ ಬೀದಿಯ ಈ ತುದಿಯಿಂದ ಆ ತುದಿಗೆ ಮಗ್ಗಗಳ ಸದ್ದು. ಆಗ ನಮ್ಮೂರು ಮದ್ರಾಸಿಗೆ ಸೇರಿತ್ತು. ಬೆಳಿಗ್ಗೆ ಗಾಡಿ ಕಟ್ಟಿದರೆ ಊಟದ ಹೊತ್ತಿಗೆ ಸಿಗುವ ಯಳಂದೂರು ಮಾತ್ರ ಮೈಸೂರಿನದು. ಕಚೇರಿಯ ಕಾಗದ ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ, ಹೀಗೆ ನಡೆದುಹೋಗುತ್ತಿತ್ತು.

ಮನೆಯಲ್ಲಿ ಇದ್ದದ್ದು ಮೂರೇ ಜನ. ಅಪ್ಪ, ನಾನು, ಮತ್ತು ಅಪ್ಪನ ಅಕ್ಕ ದೇವೀರತ್ತೆ. ಅತ್ತೆಯನ್ನು ಹನೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ನಮ್ಮಮ್ಮ ಸತ್ತು ಬರಿದಾಗಿದ್ದ ಅಡುಗೆಮನೆಯನ್ನು ಹಿಡಿದುಕೊಂಡಳು. ಅಡುಗೆಮನೆಯ ಜೊತೆಗೆ ನನ್ನನ್ನೂ ಹಿಡಿದುಕೊಂಡಳು.

ನನ್ನ ಬಾಳಿಗೆ ಗಿಟಾರು ಬಂದದ್ದು ದೇವೀರತ್ತೆಯ ಕಾಲಿನ ಹುಣ್ಣಿನಿಂದ. ಈ ಮಾತು ಕೇಳಿದರೆ ಅವಳು ಸ್ವರ್ಗದಿಂದಲೂ ಎದ್ದು ಬಂದು ಬೈದಾಳು. ಹುಣ್ಣಿಗೆ ಪಟ್ಟಿ ಕಟ್ಟಿಸಲು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಅಲ್ಲಿ ಕ್ಲಾರಮ್ಮ ಅಂತ ಗೋವೆಯ ಕಡೆಯ ನರ್ಸಮ್ಮ ಇದ್ದರು. ಕೊಯಮತ್ತೂರಿನಲ್ಲಿ ಬಹಳ ದಿನ ಕೆಲಸ ಮಾಡಿ ಬಂದವರು, ಹಾಗಾಗಿ ಅವರ ಬಾಯಲ್ಲಿ ತಮಿಳೂ ಕನ್ನಡವೂ ಕಲಸಿದ ಅನ್ನದಂತೆ ಬರುತ್ತಿತ್ತು. ಒಂದು ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಅವರ ಕೋಣೆಯಿಂದ ಒಂದು ಸದ್ದು ಕೇಳಿಸಿತು. ನೋಡಿದರೆ ಕ್ಲಾರಮ್ಮ ಹೊಟ್ಟೆ ತುಂಬಿದ ಮರದ ಪೆಟ್ಟಿಗೆಯಂಥದ್ದನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸುತ್ತಿದ್ದಾರೆ, ಕಣ್ಣಲ್ಲಿ ನೀರು. ನನ್ನನ್ನು ಕಂಡು ಒರೆಸಿಕೊಂಡರು. "ಬಾ, ಉಕ್ಕಾರು" ಅಂದರು. ಕೂತೆ. ಅವರಿಗೂ ಆ ಊರಿನಲ್ಲಿ ತಮ್ಮವರು ಅಂತ ಯಾರೂ ಇರಲಿಲ್ಲ, ನನಗೂ ಇದ್ದೂ ಇರಲಿಲ್ಲ. ಅತ್ತೆಯ ಹುಣ್ಣು ವಾಸಿಯಾದ ಮೇಲೂ ನಾನು ಹೋಗುವುದು ನಿಲ್ಲಲಿಲ್ಲ.

ಗಿಟಾರನ್ನು ಸುಮ್ಮನೆ ಕೆರೆದರೆ ಆಯಿತೆಂದು ನಾನು ತಿಳಿದಿದ್ದೆ. ಕ್ಲಾರಮ್ಮ ಮೊದಲು ಕೂರುವುದನ್ನೇ ಕಲಿಸಿದರು. ಎಡಗಾಲು ಎತ್ತರದಲ್ಲಿರಬೇಕು. ಅವರ ಬಳಿ ಅದಕ್ಕೊಂದು ಪುಟ್ಟ ಮಣೆಯಿತ್ತು, ಆಮೇಲೆ ನಾನು ಮನೆಯಲ್ಲಿ ರಾಗಿ ಅಳೆಯುವ ಸೇರನ್ನು ಬೋರಲು ಹಾಕಿಕೊಳ್ಳುತ್ತಿದ್ದೆ. ಎಡಗೈ ಹೆಬ್ಬೆರಳು ಗಿಟಾರಿನ ಕತ್ತಿನ ಹಿಂದೆ ಅಡಗಿರಬೇಕು. ಬಲಗೈಯ ತೋರುಬೆರಳು, ನಡುಬೆರಳು ತಂತಿಯ ಮೇಲೆ ನಡೆಯಬೇಕು, ಇದಾದ ಮೇಲೆ ಅದು, ಅದಾದ ಮೇಲೆ ಇದು. ನಾನು ಅವಸರದಲ್ಲಿ ತೋರುಬೆರಳನ್ನೇ ಎರಡು ಸಲ ಹಾಕಿದರೆ ಮಣಿಕಟ್ಟಿಗೆ ಒಂದು ಏಟು ಬೀಳುತ್ತಿತ್ತು. "ಅದೇ ವಿರಲ್ ಮರುಪಡಿ ವೇಂಡಾ, ಪುಟ್ಟತಾಯಿ! ಅದೇ ಬೆರಳು ಬೇಡ!" ನನಗೆ ನಗು ಬರುತ್ತಿತ್ತು. ಮಗ್ಗ ಕಲಿಯಲು ಬಂದವರಿಗೆಲ್ಲ ನಮ್ಮಪ್ಪ ಮೊಟ್ಟಮೊದಲು ಹೇಳುತ್ತಿದ್ದ ಮಾತೂ ಅದೇ. ಎಡಗಾಲು ತುಳಿದ ಮೇಲೆ ಬಲಗಾಲು. ಒಂದೇ ಕಾಲನ್ನು ಎರಡು ಸಲ ತುಳಿದರೆ ಬಟ್ಟೆಯಲ್ಲಿ ಜೋಡಿ ಎಳೆ ಬಿದ್ದು, ಸೀರೆ ಉಟ್ಟವಳ ಮೈಮೇಲೆ ಗೆರೆ ಎದ್ದು ಕಾಣುತ್ತದೆ.

ಕ್ಲಾರಮ್ಮ ಕಲಿಸಿದ್ದು ಒಂದೇ ಹಾಡು, ಅವರ ತಾಯಿ ನುಡಿಸುತ್ತಿದ್ದದ್ದು. ಮೊದಲ ಅರ್ಧ ಸರಾಗ. ಆಮೇಲಿನ ಅರ್ಧದಲ್ಲಿ ಹೆಬ್ಬೆರಳು ಕೆಳಗೆ ತನ್ನ ಪಾಡಿಗೆ ನಡೆಯುತ್ತಿರುವಾಗ ಮೇಲೆ ಮೂರು ಬೆರಳು ಒಂದರ ಹಿಂದೊಂದು, ಜರಡಿಯಿಂದ ಹಿಟ್ಟು ಉದುರಿದ ಹಾಗೆ, ಎಡೆಬಿಡದೆ ಬೀಳುತ್ತಿರಬೇಕು. ಅದಕ್ಕೆ ಉಗುರು ಬೇಕು. ಉಗುರಿಲ್ಲದಿದ್ದರೆ ಸ್ವರ ಮಂಕು, ಇದ್ದರೆ ಗಣಗಣ. "ನನಗೆ ಆಸ್ಪತ್ರೆ. ಉಗುರು ಬಿಡೋದಿಲ್ಲೆ" ಎಂದು ತಮ್ಮ ಮೊಂಡು ಬೆರಳುಗಳನ್ನು ತೋರಿಸಿ, "ನಿನಗೆ ಏನು ತಡೆ? ನೀ ಬೆಳೆಸು. ಅಮ್ಮ ನುಡಿಸಿದ ಹಾಗೆ ಬರ್ತದೆ" ಅಂದರು. ಹಾಗಾಗಿ ಆ ಹಾಡು ಸರಿಯಾಗಿ ಹೇಗೆ ಕೇಳಿಸುತ್ತದೆಂದು ಅವರ ಕೈಯಲ್ಲೂ ನಾನು ಕೇಳಿದವಳಲ್ಲ. ರೇಷ್ಮೆ ನೇಯುವ ಮನೆಯ ಹುಡುಗಿಗೆ ಉಗುರು ಬೆಳೆಸುವುದೆಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅಷ್ಟರಲ್ಲಿ ಅವರ ಊರಿನಿಂದ ಕರೆ ಬಂತು, ಹೊರಟೇಹೋದರು. ಗಿಟಾರನ್ನು ನನ್ನ ಕೈಗೆ ಕೊಟ್ಟು, ಬಸ್ಸಿನ ಕಿಟಕಿಯಿಂದ ಮೂರು ಬೆರಳನ್ನು ಗಾಳಿಯಲ್ಲಿ ಆಡಿಸಿ ತೋರಿಸುತ್ತಾ ಹೋದರು. ಅರ್ಧ ಹಾಡು ನನ್ನ ಬಳಿ ಉಳಿಯಿತು. ಸರಿಯಾಯಿತು, ತಪ್ಪಾಯಿತು ಅಂತ ಹೇಳುವವರು ಮಾತ್ರ ಕೊಳ್ಳೇಗಾಲದಲ್ಲಿ ಒಬ್ಬರೂ ಉಳಿಯಲಿಲ್ಲ. ಒಂಟಿತನ ಅಂದರೆ ಮಾತಾಡುವವರಿಲ್ಲದಿರುವುದು ಅಂತ ಜನ ಹೇಳುತ್ತಾರೆ. ನಮ್ಮ ಬೀದಿಯಲ್ಲಿ ಮಾತಿಗೆ ಬರವಿರಲಿಲ್ಲ. ನನ್ನ ತಪ್ಪು ತಿಳಿಯುವವರು ಇರಲಿಲ್ಲ, ಅಷ್ಟೆ. ಅದು ಎಷ್ಟು ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು.

ನಮ್ಮ ಮನೆಯಲ್ಲಿ ಗಿಟಾರಿನ ಅಭ್ಯಾಸ ಹೇಗೆ ನಡೆಯುತ್ತಿತ್ತು ಅಂತ ಕೇಳಿದರೆ ನಗುತ್ತೀರಿ. ಕೂರಲು ಜಾಗ ಇದ್ದದ್ದು ಒಂದೇ ಕಡೆ, ಮಗ್ಗದ ಪಕ್ಕ ಗೋಡೆಯ ಸಂದಿನಲ್ಲಿ. ಸೇರಿನ ಮೇಲೆ ಕಾಲಿಟ್ಟು ಇನ್ನೇನು ಬೆರಳು ಎತ್ತಬೇಕು, ಅತ್ತೆಗೆ ರಾಗಿ ಅಳೆಯುವುದು ನೆನಪಾಗುತ್ತಿತ್ತು. "ಕಾಲಡೀಲಿ ಸೇರು ಮಡಿಕಂಡು ಕುಂತವ್ಳಲ್ಲ, ಲಕ್ಷ್ಮೀನ ತುಳ್ದಂಗಲ್ವೇನೆ!" ಎಂದು ಕಿತ್ತುಕೊಂಡು ಹೋಗುತ್ತಿದ್ದಳು. ಸೇರು ವಾಪಸು ಬರುವ ಹೊತ್ತಿಗೆ ಹಾಲಿನವಳು. ಹಾಲಿನವಳು ಹೋದ ಮೇಲೆ ಕಂಡಿಕೆಗೆ ನೂಲು ಸುತ್ತಿಕೊಡು ಅಂತ ಅಪ್ಪನ ಕೂಗು. ಒಂದು ಸಲ ಮಳೆಗಾಲದಲ್ಲಿ ಅತ್ತೆ ಗಿಟಾರಿನ ಪೆಟ್ಟಿಗೆಯಲ್ಲಿ ಸಂಡಿಗೆ ತುಂಬಿಸಿಟ್ಟಳು, ತಿಂಗಳುಗಟ್ಟಲೆ ನನ್ನ ವಾದ್ಯ ಇಂಗಿನ ವಾಸನೆ ಹೊಡೆಯುತ್ತಿತ್ತು. ಬೀದಿಯವರೆಲ್ಲ ಅದನ್ನು ತಂಬೂರಿ ಅಂತಲೇ ಕರೆದರು. ಅತ್ತೆಯ ಸಂಕಟವೂ ಅದೇ. ನಮ್ಮ ಕಡೆ ತಂಬೂರಿ ಹಿಡಿದವರೆಂದರೆ ಮಾದಪ್ಪನ ಮೇಲೆ ಹಾಡಿಕೊಂಡು ಮನೆಮನೆಗೆ ಭಿಕ್ಷಕ್ಕೆ ಬರುವವರು. "ಎಣ್ಣು ತಂಬೂರಿ ಇಡ್ಕಂಡ್ರೆ ಯಾರ ಮನೆ ಬಾಗ್ಲಿಗೆ ಓಯ್ತದೆ ಯೋಳು?" ಅನ್ನುತ್ತಿದ್ದಳು.

ಅವಳ ಸಂಕಟಕ್ಕೆ ಸಾಕ್ಷಿ ಒದಗಿಸಿದವರು ಶಾಗ್ಯದ ಕಡೆಯ ಒಬ್ಬ ತಂಬೂರಿಯವರು. ಒಂದು ಸೋಮವಾರ ನಮ್ಮ ಬಾಗಿಲಿಗೆ ಬಂದವರು ಒಳಗಿನಿಂದ ತಂತಿಯ ಸದ್ದು ಕೇಳಿ ಹೊಸ್ತಿಲಾಚೆಯೇ ನಿಂತರು. ಸ್ವಲ್ಪ ಹೊತ್ತು ಕಿವಿಗೊಟ್ಟು, ಆಗಲೇ ಬೇರೆ ಯಾರೋ ಈ ಮನೆಗೆ ಬಂದು ಹಾಡುತ್ತಿದ್ದಾರೆ ಅಂತ ತೀರ್ಮಾನಿಸಿ, "ಅವ್ರುದು ಆಗ್ಲಿ ಬುಡಿ, ನಾ ಮುಂದ್ಕೆ ಓಯ್ತೀನಿ" ಎಂದು ಸರಸರ ನಡೆದುಬಿಟ್ಟರು. ಅತ್ತೆ ಮೊರದಲ್ಲಿ ರಾಗಿ ಹಿಡಿದುಕೊಂಡು ಬೀದಿಯುದ್ದಕ್ಕೂ ಅವರ ಹಿಂದೆ ಓಡಿದರೂ ಅವರು ಸಿಗಲಿಲ್ಲ. ಮಾದಪ್ಪನ ಮೇಲೆ ಹಾಡುವ ಗುಡ್ಡ ನಮ್ಮ ಬಾಗಿಲಿಂದ ಬರಿಗೈಲಿ ಹೋದನೆಂದು ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ನನಗೆ ಮಾತ್ರ ಒಳಗೊಳಗೇ ಹಿಗ್ಗು. ನನ್ನ ನುಡಿಸಾಟವನ್ನು ಒಬ್ಬ ಕಸುಬುದಾರ ಕಸುಬೆಂದೇ ನಂಬಿದ್ದ.

ಇದೆಲ್ಲ ಸಣ್ಣ ತೊಂದರೆ. ದೊಡ್ಡ ತೊಂದರೆ ಉಗುರಿನದು.

ಮಗ್ಗಕ್ಕೆ ಉದ್ದುದ್ದ ಎಳೆದು ಕಟ್ಟಿದ ಒಂದು ಹಾಸು ನೇಯ್ದು ಮುಗಿದಾಗ ಮಗ್ಗದ ಮೇಲೆ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಎಳೆಗೆ ಎಳೆ ಹಚ್ಚಿ, ಹೊಸೆದು, ಮುಂದಿನದಕ್ಕೆ ಹೋಗಬೇಕು. ಸಾವಿರಾರು ಎಳೆ. ನಮ್ಮ ಮನೆಯಲ್ಲಿ ಅಮ್ಮನ ಕಾಲದ ನಂತರ ಅದು ನನ್ನ ಕೆಲಸ. ಉಗುರಿನ ತುದಿ ತಾಗಿದರೆ ರೇಷ್ಮೆ ಎಳೆ ಬಿರಿಯುತ್ತದೆ, ಬಿರಿದ ಎಳೆ ನೇಯುವಾಗ ತುಂಡಾಗುತ್ತದೆ. ಆದ್ದರಿಂದ ಹಾಸು ಮುಗಿದ ದಿನ ಅಪ್ಪ ಕುಣಿಯಿಂದ ಎದ್ದು, ನೂಲು ಕತ್ತರಿಸುವ ಕತ್ತರಿಯನ್ನು ಮಾತಿಲ್ಲದೆ ನನ್ನ ಮುಂದೆ ಇಡುತ್ತಿದ್ದ. ನಾನು ಮಾತಿಲ್ಲದೆ ಉಗುರು ಕತ್ತರಿಸಿಕೊಳ್ಳುತ್ತಿದ್ದೆ.

ಮತ್ತೆ ಬೆಳೆಯಬೇಕಲ್ಲ? ಉಗುರೇನು ನುಗ್ಗೆ ಸೊಪ್ಪೇ, ಚಿವುಟಿದರೆ ಚಿಗುರಲು? ದಿನಾ ಬೆಳಿಗ್ಗೆ ಎದ್ದು ಬೆಳಕಿಗೆ ಹಿಡಿದು ನೋಡುವುದು. ಅತ್ತೆಯ ಕಣ್ಣು ತಪ್ಪಿಸಿ ಹರಳೆಣ್ಣೆ ಹಚ್ಚುವುದು. ಅಂತೂ ಇಂತೂ ಬೆರಳಿನ ತುದಿ ದಾಟಿ ಬಿಳಿಯ ಅಂಚು ಕಾಣಿಸಿಕೊಂಡು, ತಂತಿಗೆ ತಾಗಿಸಿದರೆ ಗಣ್ ಅನ್ನುವ ಹೊತ್ತಿಗೆ ಸರಿಯಾಗಿ ಹಾಸು ಮುಗಿಯುತ್ತಿತ್ತು, ಕತ್ತರಿ ಬಂದು ಕೂರುತ್ತಿತ್ತು. ಇನ್ನೊಂದು ವಿಚಿತ್ರ ಕೇಳಿ. ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತು ನಿಶ್ಶಬ್ದವಾಗುತ್ತಿದ್ದದ್ದು ಕೆಚ್ಚುವ ದಿನಗಳಲ್ಲಿ ಮಾತ್ರ. ಉಗುರಿದ್ದಾಗ ಮಗ್ಗದ ಸದ್ದಿನಲ್ಲಿ ನನ್ನ ಸ್ವರ ನನಗೇ ಕೇಳಿಸದು. ಸದ್ದಿಲ್ಲದಾಗ ಉಗುರೇ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಮಗ್ಗಕ್ಕೂ ಗಿಟಾರಿಗೂ ನಡೆದ ಜಗಳದಲ್ಲಿ ಆ ಹಾಡು ಬಡವಾಯಿತು. ಎರಡನೆಯ ಅರ್ಧ ಒಂದು ಸಲವೂ ಕೊನೆಮುಟ್ಟಲಿಲ್ಲ.

ಹೀಗಿರುವಾಗ ಯಳಂದೂರಿನ ಬಳಿಯ ಅಗರದಿಂದ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಅವರೂ ನೇಯುವವರೇ. ಮೈಸೂರು ಸೀಮೆಯ ಗಂಡು ಅಂತ ಅತ್ತೆಗೆ ನೆಲವೇ ಕಾಣಲಿಲ್ಲ. ನನಗೂ ಬೇಡವಾಗಿರಲಿಲ್ಲ, ಸುಳ್ಳೇಕೆ ಹೇಳಲಿ? ಆ ಸಂದಿನಲ್ಲಿ ಒಬ್ಬಳೇ ಕೂತು ಸಾಕಾಗಿತ್ತು. ಬೇರೆಯವರು ಹುಡುಗಿಗೆ ಹಾಡಲು ಹೇಳಿದರೆ, ನಮ್ಮವರು ಒಂದು ಎಳೆ ಕೆಚ್ಚಲು ಹೇಳುತ್ತಾರೆ. ಗಂಡಿನ ತಾಯಿ ಮಡಿಲಲ್ಲಿ ಒಂದು ಲಡಿ ರೇಷ್ಮೆ ಕಟ್ಟಿಕೊಂಡೇ ಬಂದಿರುತ್ತಾಳೆ. ಅದಕ್ಕಾಗಿ ಹಿಂದಿನ ದಿನ ನಾನೇ ಕತ್ತರಿ ಕೇಳಿ ಇಸಿದುಕೊಂಡು ಉಗುರು ಕತ್ತರಿಸಿಕೊಂಡೆ. ಎಡಗೈಯ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದವು. ಅತ್ತೆ ಬಚ್ಚಲಿನ ಕಲ್ಲಿನಲ್ಲಿ ಅವನ್ನು ಉಜ್ಜಿದಳು, ಬಿಸಿ ಎಣ್ಣೆಯಲ್ಲಿ ಅದ್ದಿಸಿದಳು, ತಂಬೂರಿಗೂ ಅದನ್ನು ಕೊಟ್ಟವಳಿಗೂ ಸೇರಿಸಿ ಬೈದಳು. ಗಿಟಾರನ್ನು ಗೂಟಕ್ಕೆ ನೇತುಹಾಕಿ ಮೇಲೆ ಒಂದು ಪಂಚೆ ಹೊದಿಸಿದಳು.

ಬಂದರು. ಉಪ್ಪಿಟ್ಟು ತಿಂದರು. ಗಂಡು ತೆಳ್ಳಗೆ, ಮೆತ್ತಗೆ, ಮಾತು ಕಡಿಮೆ. ಅವನ ತಾಯಿ ಲಡಿ ಬಿಚ್ಚಿ, "ಒಂದೆಳೆ ಕೆಚ್ಚವ್ವ" ಅಂದಳು. ನಾನು ಬೂದಿ ಮುಟ್ಟಿಕೊಂಡು ಎಳೆ ಹಿಡಿದೆ. ಹೊಸೆಯುವಾಗ ಅದು, ಎಂದೂ ಹತ್ತಿಕೊಳ್ಳದ್ದು, ಕಲ್ಲಿನಲ್ಲಿ ಉಜ್ಜಿ ತರಿತರಿಯಾಗಿದ್ದ ಎಡಗೈ ತೋರುಬೆರಳಿನ ಜಡ್ಡಿಗೆ ಹತ್ತಿಕೊಂಡಿತು. ಬಿಡಿಸಲು ಹೋದೆ, ಬಿರಿದು ಕೂದಲು ಕೂದಲಾಯಿತು. ಆಕೆ ನನ್ನ ಬೆರಳು ಹಿಡಿದು ತನ್ನ ಹೆಬ್ಬೆರಳಿನಿಂದ ಸವರಿ ನೋಡಿದಳು.

"ಏನ್ ಕೆಲ್ಸ ಮಾಡೀಯವ್ವ ಈ ಬೆರಳಲ್ಲಿ? ಕಲ್ಲು ಒಡ್ದಿದ್ದಾ?"

"ರಾಗಿ ಬೀಸ್ತಾಳೆ ಕಣ್ರವ್ವ, ದಿನಾ ಬೀಸ್ತಾಳೆ" ಎಂದಳು ಅತ್ತೆ.

"ರಾಗಿ ಬೀಸುದ್ರೆ ಅಂಗೈ ಜಡ್ಡಾಯ್ತದೆ. ಬೆರಳ ತುದಿ ಯಾಕಾದ್ದು?"

ಅತ್ತೆ ಇನ್ನಷ್ಟು ಉಪ್ಪಿಟ್ಟು ತರಲು ಎದ್ದಳು. ಆ ಹೊತ್ತಿಗೆ ಗೂಟದ ಮೇಲಿನ ಪಂಚೆ ಜಾರಿ ಕೆಳಗೆ ಬಿತ್ತು. ಎಲ್ಲರೂ ತಲೆಯೆತ್ತಿ ನೋಡಿದರು. ಗಂಡು ಗಿಟಾರನ್ನು ನೋಡಿದ, ನನ್ನ ಎಡಗೈಯನ್ನು ನೋಡಿದ, ಅಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಅದ ಇವ್ರೇ ನುಡಿಸ್ತಾರಾ? ಒಂದ್ ಸಲ ಕೇಳ್ಬೋದಾ?"

ಅಪ್ಪ ನನ್ನ ಮುಖ ನೋಡಿದ. ನಾನು ನನ್ನ ಬೋಳು ಬೆರಳುಗಳನ್ನು ನೋಡಿಕೊಂಡೆ. "ಉಗ್ರಿಲ್ಲ" ಅಂದೆ. ಆ ಗಂಡಿನ ಜೊತೆ ನಾನು ಈ ಜನ್ಮದಲ್ಲಿ ಆಡಿದ ಮಾತು ಅದೊಂದೇ. ಮದುವೆಯಾಗಲೆಂದು ಉಗುರು ಕತ್ತರಿಸಿಕೊಂಡೆ, ಹಾಗಾಗಿ ನುಡಿಸಲಾಗಲಿಲ್ಲ. ನುಡಿಸಿ ನುಡಿಸಿ ಜಡ್ಡುಗಟ್ಟಿಸಿಕೊಂಡಿದ್ದೆ, ಹಾಗಾಗಿ ಮದುವೆಯೂ ಆಗಲಿಲ್ಲ. ಹೇಗಿದೆ ನನ್ನ ಜಾಣತನ?

"ಹುಡುಗಿ ಚೆಂದಾಗವ್ಳೆ, ಬೆರಳು ಸರಿಯಿಲ್ಲ" ಅಂತ ಅಗರದಿಂದ ಹೇಳಿ ಕಳಿಸಿದರು. ನೇಯುವವರ ನಡುವೆ ಇಂಥ ಮಾತು ಲಾಳಿಗಿಂತ ಬೇಗ ಓಡುತ್ತದೆ. ಆಮೇಲೆ ಯಾರೂ ಲಡಿ ಕಟ್ಟಿಕೊಂಡು ನಮ್ಮ ಮನೆಗೆ ಬರಲಿಲ್ಲ. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಗಂಡು ತಪ್ಪಿಹೋದನೆಂದು ಅತ್ತದ್ದು ಕಡಿಮೆ. ಒಂದು ಸಲ ಕೇಳಬಹುದಾ ಅಂತ ಒಬ್ಬರು ಬಾಯಿಬಿಟ್ಟು ಕೇಳಿದಾಗ ನನ್ನ ಕೈ ಖಾಲಿಯಾಗಿತ್ತಲ್ಲ, ಅದಕ್ಕೆ ಅಳು ಬಂತು. ದೇವೀರತ್ತೆಯೂ ಅತ್ತಳು. "ಆ ದರಿದ್ರ ಬುರುಡೇನ ವಲೆಗಾಕು, ನೀರಾದ್ರೂ ಕಾಯ್ತದೆ" ಅಂದಳು ಅಪ್ಪನಿಗೆ. ಅಪ್ಪ ಕುಣಿಗೆ ಇಳಿದು ನೇಯತೊಡಗಿದ. ಆ ಹಾಸು ಮುಗಿಯುವವರೆಗೂ ಅವನು ನನ್ನ ಜೊತೆ ಮಾತಾಡಿದ್ದು ನೂಲು, ನೀರು, ಊಟದ ವಿಷಯ ಮಾತ್ರ. ಮಗಳ ಬಾಳು ಹಾಳಾದದ್ದಕ್ಕೆ ಕೋಪ ಅಂದುಕೊಂಡೆ. ನಾನು ಗೂಟದ ಕಡೆ ತಲೆಯೆತ್ತಲಿಲ್ಲ. ಉಗುರು ಮಾತ್ರ, ಅದಕ್ಕೇನು ಗೊತ್ತು, ಬೆಳೆಯುತ್ತಿತ್ತು.

ಹಾಸು ಮುಗಿಯಿತು. ಮಗ್ಗದ ಸದ್ದು ನಿಂತಿತು. ನಾನೇ ಹೋಗಿ ಕತ್ತರಿ ತೆಗೆದುಕೊಂಡೆ. ಅಪ್ಪ ನನ್ನ ಕೈಯಿಂದ ಅದನ್ನು ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಬುಡು. ನಾನೇ ಕೆಚ್ಕತೀನಿ."

"ನಿಂಗೆ ಕಣ್ಣು ಕಾಣಕಿಲ್ಲ ಕನಪ್ಪ."

"ಬೆರಳಿಗೆ ಕಾಣ್ತದೆ. ನಿಂದು ಉಗ್ರು ಮಡಿಕ." ಗೂಟದ ಕಡೆ ಗಲ್ಲವೆತ್ತಿ ತೋರಿಸಿದ. "ಆ ಅಗರದ ಹೈದ ಕೇಳ್ದ. ನಾ ಇಷ್ಟ್ ದಿವ್ಸ ಒಂದೇ ಮನೇಲಿದ್ದು ಕೇಳ್ನಿಲ್ವಲ್ಲ ಕಣವ್ವ. ತಕ, ನುಡ್ಸು."

ಅವನು ಕಣ್ಣು ಕಿರಿದುಮಾಡಿಕೊಂಡು ಎಳೆಗಳ ಮುಂದೆ ಕೂತ. ನಾನು ಸೇರು ಬೋರಲು ಹಾಕಿ ಕೂತೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೇರನ್ನು ನೋಡಿದಳು, ಬಾಯಿ ತೆರೆದಳು, ಅಪ್ಪನನ್ನು ನೋಡಿ ಮುಚ್ಚಿದಳು. ಮನೆಯಲ್ಲಿ ಸದ್ದಿರಲಿಲ್ಲ, ಕೈಯಲ್ಲಿ ಉಗುರಿತ್ತು. ಎರಡೂ ಒಟ್ಟಿಗೆ ಒದಗಿದ್ದು ಅದೇ ಮೊದಲು. ಮೊದಲ ಅರ್ಧ ಮುಗಿಸಿ ಎರಡನೆಯದಕ್ಕೆ ಕೈಹಾಕಿದೆ. ಹೆಬ್ಬೆರಳು ನಡೆಯಿತು, ಮೇಲೆ ಮೂರು ಬೆರಳು ಉದುರತೊಡಗಿದವು. ಗಣಗಣ ಅಂತು. ಕ್ಲಾರಮ್ಮ ಹೇಳಿದ್ದು ಇದೇ ಇರಬೇಕು ಅನ್ನಿಸಿತು. ಹಿಗ್ಗಿನಲ್ಲಿ ಎಲ್ಲೋ ಒಂದು ಕಡೆ ಮುಗ್ಗರಿಸಿ, ಸಾವರಿಸಿಕೊಂಡು, ಕೊನೆಯವರೆಗೂ ಹೋದೆ. ಬದುಕಿನಲ್ಲಿ ಮೊದಲ ಬಾರಿ ಆ ಹಾಡು ಮುಗಿಯಿತು.

ಅಪ್ಪ ಎಳೆಯಿಂದ ಕಣ್ಣೆತ್ತಲಿಲ್ಲ. ಕೈಯಲ್ಲಿದ್ದದ್ದನ್ನು ಹೊಸೆದು ಮುಗಿಸಿ ಹೇಳಿದ, "ಚೆಂದಾಗದೆ. ನಡುವೆ ಒಂದ್ ಕಡೆ ಒಂದೇ ಕಾಲ ಎರಡ್ ಸಲ ತುಳ್ದೆ ಕಣವ್ವ."

ನಾನು ಗಿಟಾರಿನ ಮೇಲೆ ಮುಖವಿಟ್ಟು ನಕ್ಕೆನೋ ಅತ್ತೆನೋ ಈಗ ಹೇಳಲಾರೆ. ಅವನು ಹೇಳಿದ್ದು ಸರಿಯಾಗಿತ್ತು. ತೋರುಬೆರಳನ್ನೇ ಎರಡು ಸಲ ಹಾಕಿದ್ದೆ.

ಆಮೇಲೆ ಅಪ್ಪ ಇದ್ದಷ್ಟು ದಿನವೂ ಹಾಸು ಕೆಚ್ಚಿದವನು ಅವನೇ. ನಾನು ಹೊಲಿಗೆ ಮೆಷಿನ್ನು ಕಲಿತು ಸಂಸಾರಕ್ಕೆ ಕೈ ಸೇರಿಸಿದೆ, ಬಟ್ಟೆ ಹೊಲಿಯಲು ಜಡ್ಡೂ ಉಗುರೂ ಅಡ್ಡಿಯಲ್ಲ. ಒಂದು ಸಲ ತೆಳುವಾದ ತಂತಿ ಹರಿದು ಎಲ್ಲೂ ಸಿಕ್ಕದೆ ಹೋದಾಗ ಅಪ್ಪ ರೇಷ್ಮೆಯನ್ನು ಹುರಿಮಾಡಿ ಗೋಂದು ಸವರಿ ಒಣಗಿಸಿ ಕೊಟ್ಟ. ಅದರ ದನಿ ನೆಗಡಿಯಾದ ಮೇಷ್ಟರ ದನಿಯ ಹಾಗಿತ್ತು. ನುಡಿಸಿದೆ. ಕೆಚ್ಚುವ ದಿನಗಳಿಗಾಗಿ ನಾವಿಬ್ಬರೂ ಕಾಯುತ್ತಿದ್ದೆವು. ಅವನು ಹೊಗಳುತ್ತಿದ್ದದ್ದು ಕಡಿಮೆ, ಕಾಲು ತಪ್ಪಿದ್ದನ್ನು ಮಾತ್ರ ಒಂದು ಸಲವೂ ಬಿಡುತ್ತಿರಲಿಲ್ಲ.

ಅವನು ಹೋದ. ಅತ್ತೆಯೂ ಹೋದಳು. ಮಗ್ಗ ಬಿಚ್ಚಿಸಿದೆ, ಕುಣಿಯನ್ನು ಮುಚ್ಚಿಸಲು ಮನಸ್ಸು ಬರಲಿಲ್ಲ. ಕಾಲು ಜಾರಿ ಬೀಳುತ್ತೀರಿ ಅಂತ ಭಾಗ್ಯ ಗದರುತ್ತಾಳೆ. ಅವಳ ನೇಲ್‌ಕಟರಿನಿಂದ ಎಡಗೈಯದನ್ನಷ್ಟೇ ಕತ್ತರಿಸಿಕೊಂಡು ಸಂಜೆಗೆ ಹಿಂದಿರುಗಿಸಬೇಕು. ಈಗ ನನ್ನ ಉಗುರಿಗೆ ಯಾರ ಭಯವೂ ಇಲ್ಲ. ಸೇರನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನೂಲು ಸುತ್ತು ಅಂತ ಯಾರೂ ಕೂಗುವುದಿಲ್ಲ. ಬೀದಿಯಲ್ಲೂ ಮಗ್ಗಗಳು ಕಡಿಮೆಯಾದವು. ಹುಡುಗಿಯಾಗಿದ್ದಾಗ ನಾನು ಬೇಡಿಕೊಂಡ ನಿಶ್ಶಬ್ದವನ್ನೆಲ್ಲ ದೇವರು ಬಡ್ಡಿ ಸೇರಿಸಿ ಕೊಟ್ಟುಬಿಟ್ಟಿದ್ದಾನೆ, ತೆಗೆದುಕೊಳ್ಳಲು ನನಗೆ ಕೈ ಸಾಲದು.

ದಿನಾ ಮಧ್ಯಾಹ್ನ ಕುಣಿಯ ಪಕ್ಕ ಅದೇ ಸಂದಿನಲ್ಲಿ ಕೂತು ಆ ಹಾಡು ನುಡಿಸುತ್ತೇನೆ. ಬೆರಳು ಪಳಗಿದೆ, ಎಲ್ಲೂ ತಪ್ಪುವುದಿಲ್ಲ. ಆದರೂ ನಡುವೆ ಅಪ್ಪ ತಪ್ಪು ಹಿಡಿದ ಆ ಜಾಗ ಬಂದಾಗ ಬೇಕೆಂತಲೇ ತೋರುಬೆರಳನ್ನು ಎರಡು ಸಲ ಹಾಕುತ್ತೇನೆ. ಹಾಕಿ, ಕೈ ನಿಲ್ಲಿಸಿ, ಕುಣಿಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಕಾಯುತ್ತೇನೆ.